ಬೆಂಕಿ ಸುತ್ತ ಕೂತು ಮಾತಾಡಿದರೆ ಒಡೆದ ಊರು ಕೂಡುತ್ತಾ? (ಸಿಯೆರಾ ಲಿಯೋನ್ ಕತೆ, ನಮ್ಮ ತಾಳವಾಡಿ ಸೀಮೆ)

ತಾಳವಾಡಿ ಮೇಷ್ಟ್ರು

ಉದ್ದ ಪೋಸ್ಟು, ಬಿಡುವಿದ್ದಾಗ ಓದಿ.

ಸಿಯೆರಾ ಲಿಯೋನ್ ಪಶ್ಚಿಮ ಆಫ್ರಿಕಾದ ದೇಶ, ಅರ್ಧ ಕರ್ನಾಟಕದಷ್ಟೂ ಇಲ್ಲ. 1991ರ ಮಾರ್ಚ್ 23ರಂದು ಲೈಬೀರಿಯಾ ಗಡಿಯ ಬೊಮಾರು ಎಂಬ ಹಳ್ಳಿಯಲ್ಲಿ ಬಂಡುಕೋರರ ಮೊದಲ ಗುಂಡು ಹಾರಿತು. ಯುದ್ಧ ಮುಗಿಯಿತು ಅಂತ ಸಾರಿದ್ದು 2002ರ ಜನವರಿಯಲ್ಲಿ. ಸತ್ತವರು ಸುಮಾರು 50,000 ಅಂತ ಅಂದಾಜು. ಕೈಕಾಲು ಕಡಿಸಿಕೊಂಡು ಬದುಕಿದವರು ಬೇರೆ. ವಜ್ರದ ಗಣಿ ಯಾರ ಕೈಲಿತ್ತೋ ಅವರಿಗೆ ಬಂದೂಕು ಸಿಗುತ್ತಿತ್ತು, ಅಷ್ಟು ಹೇಳಿದರೆ ಸಾಕು.

ನನಗೆ ಕುತೂಹಲ ಇರುವುದು ಆಮೇಲಿನದರ ಬಗ್ಗೆ. ಬಂಡುಕೋರರು ಹತ್ತು-ಹನ್ನೆರಡು ವರ್ಷದ ಹುಡುಗರನ್ನು ಎತ್ತಿಕೊಂಡು ಹೋಗಿ, ಕೈಗೆ ಬಂದೂಕು ಕೊಟ್ಟು, ಎಷ್ಟೋ ಸಲ ಅವರ ಊರಿನವರ ಮೇಲೆಯೇ ಬಿಟ್ಟರು. ಯುದ್ಧ ನಿಂತ ಮೇಲೆ ಆ ಹುಡುಗರು ಎಲ್ಲಿಗೆ ಹೋಗಬೇಕು? ಅದೇ ಊರಿಗೆ. ತಂದೆಯನ್ನು ಕೊಂದವನೂ ತಂದೆಯನ್ನು ಕಳೆದುಕೊಂಡವನೂ ಒಂದೇ ಬಾವಿಗೆ ಬರಬೇಕು. ವಿಶ್ವಸಂಸ್ಥೆ ಜತೆ ಸೇರಿ ಮಾಡಿದ ವಿಶೇಷ ನ್ಯಾಯಾಲಯ ಆರೋಪ ಹೊರಿಸಿದ್ದು ಬರೀ 13 ಜನರ ಮೇಲೆ, ಎಲ್ಲ ದೊಡ್ಡ ತಲೆಗಳು. ಸತ್ಯಶೋಧನಾ ಆಯೋಗ 2004ರಲ್ಲಿ ದಪ್ಪ ವರದಿ ಕೊಟ್ಟಿತು. ಇವೆರಡೂ ಹಳ್ಳಿಯ ಬಾವಿಕಟ್ಟೆಗೆ ತಲುಪಲಿಲ್ಲ.

ಆಗ ಜಾನ್ ಕಾಕರ್ ಎಂಬ ಅಲ್ಲಿನ ಮಾನವ ಹಕ್ಕು ಹೋರಾಟಗಾರ ಶುರು ಮಾಡಿದ್ದು ಫಂಬುಲ್ ಟಾಕ್, ಅಂದರೆ ಮನೆಮಂದಿಯ ಮಾತುಕತೆ. ಯುದ್ಧ ಎಲ್ಲಿ ಮೊದಲಾಯಿತೋ ಅದೇ ಕೈಲಾಹುನ್ ಜಿಲ್ಲೆಯಿಂದಲೇ ಆರಂಭಿಸಿದರು. ಮೊದಲು ತಿಂಗಳುಗಟ್ಟಲೆ ಊರವರನ್ನು ಕೇಳುವುದು: ನಿಮಗೆ ಇದು ಬೇಕಾ, ಬೇಕಾದರೆ ಯಾವ ರೀತಿ? ಆಮೇಲೆ ಊರಿನದೇ ಸಮಿತಿ. ಮುಖಂಡ, ಇಮಾಮ್, ಪಾದ್ರಿ, ಹೆಂಗಸರು, ಹುಡುಗರು ಎಲ್ಲ ಇರಬೇಕು. ಒಂದು ಸಂಜೆ ಬಯಲಲ್ಲಿ ಬೆಂಕಿ ಹಾಕಿ ಸುತ್ತ ಕೂರುತ್ತಾರೆ. ನೊಂದವರು ಎದ್ದು ಆದದ್ದನ್ನು ಹೇಳುತ್ತಾರೆ. ಮಾಡಿದವನು ಅಲ್ಲೇ ಇದ್ದರೆ, ಧೈರ್ಯ ಬಂದರೆ, ಎದ್ದು ಒಪ್ಪಿಕೊಂಡು ಬಗ್ಗಿ ಕ್ಷಮೆ ಕೇಳುತ್ತಾನೆ. ಮಾರನೇ ದಿನ ಹಿರಿಯರಿಗೆ ಎಡೆ ಇಟ್ಟು, ಎಲ್ಲರೂ ಒಟ್ಟಿಗೆ ಉಣ್ಣುವುದು. ಎಷ್ಟೋ ಕಡೆ ಆಮೇಲೆ ಊರೊಟ್ಟಿನ ಹೊಲ ಮಾಡಿದ್ದಾರೆ, ಹೆಂಗಸರ ಗುಂಪು ಕಟ್ಟಿದ್ದಾರೆ.

ಈಗ ನಮ್ಮ ಕಡೆಗೆ ಬರೋಣ. ವೀರಪ್ಪನ್ ಸತ್ತು (2004ರ ಅಕ್ಟೋಬರ್) ಎಷ್ಟೋ ವರ್ಷವಾಯಿತು. ಅವನನ್ನು ಹಿಡಿಯಲು ನಡೆದ ಪೊಲೀಸ್ ಕಾರ್ಯಾಚರಣೆ ಕಾಲದ ದೌರ್ಜನ್ಯದ ದೂರುಗಳ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಸಮಿತಿ ಮಾಡಿತು, 2007ರಲ್ಲಿ 89 ಜನರಿಗೆ 2.80 ಕೋಟಿ ಪರಿಹಾರ ಕೊಡಿ ಎಂದಿತು. ದುಡ್ಡಿನ ಮಾತು ಅಲ್ಲಿಗಾಯಿತು. ಆದರೆ ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ, ಹಾಸನೂರು, ಆಚೆ ಕರ್ನಾಟಕದ ಮಾದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ‘ಅವನ ಕಡೆಯವರು’, ‘ಇವರ ಕಡೆಯವರು’ ಅಂತ ಆ ಕಾಲದಲ್ಲಿ ಒಡೆದ ಮನೆಗಳು ಇನ್ನೂ ಒಡೆದೇ ಇವೆ. ಅಂಥ ಒಂದು ಕೂಟ ಇಲ್ಲಿ ಸಾಧ್ಯವಾ? ಬೇಕಾ?

ಗಾಜನೂರ್ ಹೈದ

ಮೇಷ್ಟ್ರೇ, ಎಲ್ಲಿಯ ಸಿಯೆರಾ ಲಿಯೋನ್, ಎಲ್ಲಿಯ ತಾಳವಾಡಿ. ಅಲ್ಲಿ ದೇಶವೇ ಹೊತ್ತಿ ಉರಿಯಿತು. ಇಲ್ಲಿ ಒಬ್ಬ ದಂತಚೋರ, ಅವನ ಹಿಂದೆ ಎರಡು ರಾಜ್ಯದ ಪೊಲೀಸು, ನಡುವೆ ಸಿಕ್ಕಿಕೊಂಡವರು ನಾವು. ಹೊರಗಿನವರಿಗೆ ನಮ್ಮೂರು ಗೊತ್ತಾಗಿದ್ದೇ 2000ದ ಜುಲೈ 30ರಂದು, ಅಣ್ಣಾವ್ರನ್ನು ಕರೆದುಕೊಂಡು ಹೋದ ರಾತ್ರಿ. 108 ದಿನ ಕ್ಯಾಮೆರಾಗಳು ಇದ್ದವು, ಅಣ್ಣಾವ್ರು ಮನೆಗೆ ಹೋದರು, ಕ್ಯಾಮೆರಾನೂ ಹೋಯಿತು. ಈಗ ಬೆಂಕಿ ಹಾಕಿದರೆ ಮತ್ತೆ ಬರುತ್ತವೆ. ಬೇಡಪ್ಪ.

ಹವಾಲ್ದಾರ್ ಹೊಸೂರು

ಆ ಜುಲೈ ತಿಂಗಳು ನಾನು ಸಿಯೆರಾ ಲಿಯೋನ್‌ನಲ್ಲೇ ಇದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ವಿಶ್ವಸಂಸ್ಥೆ ಶಾಂತಿಪಡೆಯ ಭಾರತೀಯ ತುಕಡಿಯಲ್ಲಿ ಡ್ರೈವರ್. ನಮ್ಮ ಬೀಡು ಮೋವಾ ನದಿ ದಡದ ದಾರುವಿನಲ್ಲಿ. ನಮ್ಮವರು 200ಕ್ಕೂ ಹೆಚ್ಚು ಜನ ಮುಂದೆ ಕೈಲಾಹುನ್‌ನಲ್ಲಿ ಬಂಡುಕೋರರ ಮುತ್ತಿಗೆಗೆ ಸಿಕ್ಕಿದ್ದರು, ಮೇ ತಿಂಗಳಿಂದ. ಜುಲೈ 15ಕ್ಕೆ ಆಪರೇಷನ್ ಖುಕ್ರಿ ಮಾಡಿ ಬಿಡಿಸಿಕೊಂಡು ಬಂದರು. ಆ ಮಳೆ, ಆ ಕೆಂಪು ಕೆಸರು ರಸ್ತೆ, ಲಾರಿ ಚಕ್ರ ಅರ್ಧ ಮುಳುಗುತ್ತಿತ್ತು. ಅದಾಗಿ ಸ್ವಲ್ಪ ದಿನಕ್ಕೆ ಮನೆಗೆ ಫೋನ್ ಮಾಡಿದರೆ ನನ್ನ ಯೋಗಕ್ಷೇಮ ಯಾರೂ ಕೇಳಲಿಲ್ಲ, ಎಲ್ಲರ ಬಾಯಲ್ಲೂ ರಾಜ್‌ಕುಮಾರ್ ಸುದ್ದಿ.

ಬಂಡುಕೋರರ ಒಂದು ಚೆಕ್‌ಪೋಸ್ಟ್ ನೆನಪಿದೆ. ಗೇಟ್ ಅಂದರೆ ರಸ್ತೆಗೆ ಅಡ್ಡ ಕಟ್ಟಿದ ಹಗ್ಗ, ಅದಕ್ಕೆ ತಾಳೆಗರಿ ನೇತು ಹಾಕಿತ್ತು. ಹಗ್ಗದ ತುದಿ ಹಿಡಿದವನು ಹನ್ನೊಂದು ವರ್ಷದವನಿರಬಹುದು. ಕಾಲಲ್ಲಿ ಒಂದು ನೀಲಿ ಚಪ್ಪಲಿ, ಒಂದು ಹಳದಿ, ಎರಡೂ ಎಡಗಾಲಿನವು. ಕುತ್ತಿಗೆಗೆ ತಾಯತ, ಹೆಗಲಿಗೆ ಅವನಿಗಿಂತ ಭಾರದ ರೈಫಲ್. ಬಿಸ್ಕತ್ತು ಕೊಟ್ಟರೆ ಹಗ್ಗ ಇಳಿಸುತ್ತಿದ್ದ. ಕೊಡದಿದ್ದರೆ ಏನು ಮಾಡುತ್ತಿದ್ದ ಅಂತ ನೋಡುವ ಧೈರ್ಯ ನಮಗಿರಲಿಲ್ಲ.

ಆ ಹುಡುಗನಿಗೆ ಈಗ ಮೂವತ್ತೈದು ದಾಟಿರಬೇಕು, ಬದುಕಿದ್ದರೆ. ಮೇಷ್ಟ್ರು ಹೇಳಿದ ಬೆಂಕಿ ಮುಂದೆ ಎದ್ದು ನಿಲ್ಲಬೇಕಾದವನು ಅವನು. ಅವನು ಅಪರಾಧಿಯಾ, ಅಪರಾಧಕ್ಕೆ ಒಳಗಾದವನಾ? ಕೋರ್ಟಿನಲ್ಲಾದರೆ ಎರಡರಲ್ಲೊಂದು ಆಗಲೇಬೇಕು. ಊರಲ್ಲಿ ಎರಡೂ ಆಗಿರಬಹುದು. ಕೋರ್ಟಿಗಿಂತ ಊರು ಒಳ್ಳೆಯದು ಅಂತ ನನಗೆ ಅನ್ನಿಸೋದು ಇದೊಂದೇ ಕಾರಣಕ್ಕೆ.

ಅರಿಶಿನದಹೊಲ

ಎಲ್ಲಾ ಓದ್ದಿ ಮೇಷ್ಟ್ರೇ. ನಮ್ಮ ಮನ ಕತನೂ ವಸಿ ಕೇಳಿ.

ನಮ್ಮ ದೊಡ್ಡಪ್ಪನ್ನ ಕಾಡಲ್ಲಿರೋರ್ಗ ಅಕ್ಕಿ ಕೊಟ್ಟನ ಅಂತ ಕರ್ಕೊಂಡೋದ್ರು. ಯಾರು ಕರ್ಕೊಂಡೋದ್ರು ಅನ್ನೋದ ಇಲ್ಲಿ ಬರಿಯಲ್ಲ. ತಿರ್ಗ ಬಂದಾಗ ಅವ್ನ ಬಲಗೈ ಮ್ಯಾಕ್ಕ ಎತ್ತಕ್ಕ ಆಯ್ತಿರ್ಲಿಲ್ಲ. ಈಗ್ಲೂ ಅಷ್ಟೇಯ, ಅಂಗಿ ಹಾಕಬೇಕಾದ್ರ ದೊಡ್ಡವ್ವ ಬೇಕು. ಅವ್ನ ಹೆಸರ ಹೇಳ್ದವ ಯಾರು ಅಂತ ಊರ್ಗೆಲ್ಲ ಗೊತ್ತು, ನಮ್ಮ ಹೊಲದ ಪಕ್ಕದ ಹೊಲದವನೇಯ. ಆದ್ರ ಅವನೇನ ಸುಮ್ನ ಹೇಳ್ಲಿಲ್ಲ, ಅವನ್ಗೂ ಹೊಡ್ದು ಬಡ್ದೇ ಹೇಳ್ಸಿದ್ದು. ಅದೂ ಊರ್ಗೆಲ್ಲ ಗೊತ್ತು.

ಅವತ್ತಿಂದ ಎರಡು ಮನಗೂ ಮಾತಿಲ್ಲ. ಮದುವ ಕಾಗದ ಕೊಡಲ್ಲ, ಸಾವಾದ್ರ ಮಣ್ಣಿಗ ಹೋಗಲ್ಲ. ಮಾದಪ್ಪನ ಜಾತ್ರಗ ಅವ್ರ ಟೆಂಪೋ ಬೇರ, ನಮ್ಮ ಟೆಂಪೋ ಬೇರ. ಆನ ಬಂದಾಗ ಮಾತ್ರ ಎರಡು ಹೊಲದವ್ರೂ ಒಟ್ಗ ತಮಟ ಬಡೀತೀವಿ. ಆನ ಹೋಯ್ತು ಅಂದ್ರ ಮುಖ ತಿರುಗ್ಸ್ಕೊಂಡು ಮನಗ ಹೋಯ್ತೀವಿ.

ಈಗ ಬೆಂಕಿ ಹಾಕ್ಬುಟ್ಟು ಕೂರ್ಸಿ ಅವನ್ನ ‘ತಪ್ಪಾಯ್ತು’ ಅನ್ನಿಸ್ತೀರ ಅಂತ ಇಟ್ಕೊಳ್ಳಿ. ಅವನ್ಗ ಹೊಡ್ದೋರ್ನ ಎಲ್ಲಿಂದ ಕರ್ಕೊಂಡ್ಬತ್ತೀರ? ಬಡವ ಬಡವನ್ಗೇ ಕ್ಷಮ ಕೇಳೋದಾ?

ಡಿಂಬಂ 27

ಕೊನೇ ಸಾಲಿಗೆ ಉತ್ತರ ಕೊಡೋರು ಯಾರಾದರೂ ಇದ್ದೀರಾ? ಇಲ್ಲದಿದ್ದರೆ ಚರ್ಚೆ ಇಲ್ಲಿಗೇ ಮುಗೀತು.

ಲಾ ಓದ್ತಿರೋಳು

ಉತ್ತರ ಇಲ್ಲ, ಅದೇ ಪ್ರಶ್ನೆ ಬೇರೆ ಕಡೆಯೂ ಎದ್ದಿದೆ. ರುವಾಂಡಾದಲ್ಲಿ 1994ರ ನರಮೇಧ ಆದಮೇಲೆ ಜೈಲು ತುಂಬಿ ತುಳುಕುತ್ತಿತ್ತು. ಕೋರ್ಟಿನಲ್ಲಿ ವಿಚಾರಣೆ ಮಾಡುತ್ತಾ ಕೂತಿದ್ದರೆ ನೂರು ವರ್ಷವಾದರೂ ಮುಗಿಯುತ್ತಿರಲಿಲ್ಲ ಅಂತ ಊರಿನ ನ್ಯಾಯಕಟ್ಟೆಗಳನ್ನೇ ಕಾನೂನುಬದ್ಧ ಮಾಡಿದರು, ಹೆಸರು ಗಚಾಚಾ. ಸುಮಾರು 12,000 ಕಟ್ಟೆಗಳು, ಊರವರೇ ಆರಿಸಿದ ನ್ಯಾಯಾಧೀಶರು, ವಕೀಲರಿಲ್ಲ. 2012ರ ಜೂನ್‌ನಲ್ಲಿ ಮುಚ್ಚುವ ಹೊತ್ತಿಗೆ ಹತ್ತು ಲಕ್ಷಕ್ಕೂ ಮೀರಿ ಪ್ರಕರಣ ಮುಗಿಸಿದ್ದವು. ಆದರೆ ನರಮೇಧ ನಿಲ್ಲಿಸಿ ಅಧಿಕಾರಕ್ಕೆ ಬಂದ ಪಡೆಯ ಸೈನಿಕರು ಮಾಡಿದ ಕೊಲೆಗಳು ಆ ಕಟ್ಟೆಗೆ ಬರುವಂತಿರಲಿಲ್ಲ. ಗೆದ್ದವರನ್ನು ಕೇಳುವ ಹಾಗಿಲ್ಲ, ಅಕ್ಕಪಕ್ಕದ ಮನೆಯವರನ್ನು ಮಾತ್ರ ಕೇಳಬಹುದು. ಅರಿಶಿನದಹೊಲದವರು ಹೇಳಿದ್ದೂ ಇದನ್ನೇ.

ಆದರೆ ನಾನು ಇಲ್ಲಿ ಹಾಕಬೇಕು ಅಂದುಕೊಂಡಿದ್ದು ಬೇರೆ. ಮೇಷ್ಟ್ರು ಹೇಳಿದ ಫಂಬುಲ್ ಟಾಕ್ ಮೇಲೆಯೇ ಒಂದು ದೊಡ್ಡ ಅಧ್ಯಯನ ಆಗಿದೆ, 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಸಿಲಿಯರ್ಸ್, ದುಬೆ, ಸಿದ್ದಿಕಿ ಅಂತ ಮೂವರು ಮಾಡಿದ್ದು. 200 ಹಳ್ಳಿ ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ ಅರ್ಧಕ್ಕೆ ಕೂಟ ಮಾಡಿಸಿ, ಅರ್ಧಕ್ಕೆ ಮಾಡಿಸದೆ, ಒಂಬತ್ತು ತಿಂಗಳಿಗೆ ಒಂದು ಸಲ, 31 ತಿಂಗಳಿಗೆ ಇನ್ನೊಂದು ಸಲ ಹೋಗಿ ಜನರನ್ನು ಕೇಳಿದರು.

ಕೂಟ ಆದ ಹಳ್ಳಿಗಳಲ್ಲಿ ನೊಂದವರು ಮಾಡಿದವರನ್ನು ಹೆಚ್ಚು ಕ್ಷಮಿಸಿದ್ದರು. ಸ್ನೇಹ, ಕೊಡುಕೊಳ್ಳುವಿಕೆ ಹೆಚ್ಚಾಗಿತ್ತು. ಊರ ಕೆಲಸಕ್ಕೆ ದುಡಿಮೆ, ದುಡ್ಡು ಕೊಡುವವರೂ ಜಾಸ್ತಿ. ಮೇಷ್ಟ್ರು ಖುಷಿಪಡಬಹುದು. ಆದರೆ ಅದೇ ಹಳ್ಳಿಗಳಲ್ಲಿ ಖಿನ್ನತೆ, ಆತಂಕ, ಹಳೆಯ ಆಘಾತ ಮರುಕಳಿಸುವುದು ಎಲ್ಲವೂ ಹೆಚ್ಚಾಗಿತ್ತು. ಒಂಬತ್ತು ತಿಂಗಳಿಗೂ ಹೆಚ್ಚು, 31 ತಿಂಗಳಿಗೂ ಹೆಚ್ಚು. ಊರು ಸುಧಾರಿಸಿತು, ಜನ ನರಳಿದರು. ಎರಡೂ ಒಂದೇ ಕೂಟದಿಂದ.

ಇದನ್ನು ಓದಿದ ಮೇಲೆ ‘ಮಾತಾಡಿದರೆ ಮನಸ್ಸು ಹಗುರ ಆಗುತ್ತೆ’ ಅಂತ ಯಾರಾದರೂ ಹೇಳಿದರೆ ಯಾರ ಮನಸ್ಸು ಅಂತ ಕೇಳುತ್ತೇನೆ.

ಗಾಜನೂರ್ ಹೈದ

ಅಂದೆನಲ್ಲ. ಬೇಡಪ್ಪ.

ನರ್ಸಕ್ಕ ಸತ್ಯಮಂಗಲ

ಲಾ ಓದೋ ತಂಗಿ ಬರೆದಿದ್ದು ನನಗೇನೂ ಹೊಸದಲ್ಲ. ಭವಾನಿಸಾಗರದ ಶ್ರೀಲಂಕಾ ತಮಿಳರ ಕ್ಯಾಂಪಿಗೆ ಕೆಲಸದ ಮೇಲೆ ಹೋಗಿ ಬರುತ್ತಿರುತ್ತೇನೆ. ಬಿಪಿ ನೋಡುತ್ತಾ ‘ನಿಮ್ಮೂರು ಯಾವುದಮ್ಮ’ ಅಂತ ಕೇಳಿದರೆ ಸಾಕು, ಕೆಲವರಿಗೆ ರೀಡಿಂಗ್ ಇಪ್ಪತ್ತು ಮೇಲೆ ಹೋಗುತ್ತದೆ. ಅದಕ್ಕೇ ಈಗ ಮೊದಲು ಬಿಪಿ ನೋಡಿ ಆಮೇಲೆ ಊರು ಕೇಳುತ್ತೇನೆ. ನಗಬೇಡಿ, ನಿಜ.

ಅವರಿಂದ ತಿಳಿದದ್ದು ಒಂದಿಷ್ಟಿದೆ. ಅಲ್ಲಿ ಯುದ್ಧ 2009ರ ಮೇ 18ಕ್ಕೆ ಮುಗಿಯಿತು. ಕೊನೆಯಲ್ಲಿ ಸೇನೆಗೆ ಶರಣಾದ ಮಕ್ಕಳು ಏನಾದರು ಅಂತ ಗೊತ್ತಿಲ್ಲದ ತಾಯಂದಿರು 2017ರ ಫೆಬ್ರವರಿಯಿಂದ ಕಿಳಿನೊಚ್ಚಿ, ವವುನಿಯಾದಲ್ಲಿ ರಸ್ತೆ ಬದಿ ಶೆಡ್ ಹಾಕಿ, ಫೋಟೋ ಹಿಡಿದು ಕೂತರು. ನಾಪತ್ತೆಯಾದವರಿಗಾಗಿ ಸರ್ಕಾರ ಕಚೇರಿ ಮಾಡಿತು. 2022ರಲ್ಲಿ ಒಂದು ಲಕ್ಷ ಅಲ್ಲಿನ ರೂಪಾಯಿ ಕೊಡುತ್ತೇವೆ ಎಂದಿತು. ಆ ತಾಯಂದಿರಲ್ಲಿ ಎಷ್ಟೋ ಜನ ಬೇಡ ಅಂದರು. ದುಡ್ಡು ತೆಗೆದುಕೊಂಡರೆ ಮಗ ಸತ್ತ ಅಂತ ಸಹಿ ಹಾಕಿದ ಹಾಗಲ್ಲವಾ?

ಇನ್ನೊಂದು ವಿಷಯ, ಇದನ್ನು ಕ್ಯಾಂಪಿನವರು ತಾವಾಗಿ ಹೇಳುವುದು ಕಡಿಮೆ. 1990ರ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇಯವರು ಉತ್ತರದ ಮುಸ್ಲಿಮರನ್ನೆಲ್ಲ ಹೊರಗಟ್ಟಿದರು. ಜಾಫ್ನಾದಲ್ಲಿ ಕೊಟ್ಟ ಗಡುವು ಎರಡೇ ಗಂಟೆ. ಸುಮಾರು 75,000 ಜನ. ಯುದ್ಧ ಮುಗಿದ ಮೇಲೆ ಅವರಲ್ಲಿ ಕೆಲವರು ವಾಪಸ್ ಬಂದರೆ ಮನೆ ಬಿದ್ದಿದೆ, ಜಾಗ ಕಾಡಾಗಿದೆ, ಇಲ್ಲವೇ ಇನ್ಯಾರೋ ಇದ್ದಾರೆ. ನೊಂದ ಸಮುದಾಯವೂ ಇನ್ನೊಬ್ಬರನ್ನು ನೋಯಿಸಿರುತ್ತದೆ. ಸೇನೆ, ಸರ್ಕಾರ ಅಂತ ಬೆರಳು ತೋರಿಸುವುದು ನ್ಯಾಯವೇ, ಆದರೆ ನೆರೆಮನೆಯವರ ಲೆಕ್ಕ ಅಷ್ಟರಿಂದ ಚುಕ್ತಾ ಆಗಲ್ಲ. ಅರಿಶಿನದಹೊಲದವರೇ, ‘ಬಡವ ಬಡವನ್ಗೇ’ ಅಂದಿರಲ್ಲ, ಅದಕ್ಕೇ ಇದನ್ನು ಬರೆದೆ.

ತಾಳವಾಡಿ ಮೇಷ್ಟ್ರು

ಅಧ್ಯಯನದ ವಿಚಾರ ಹಾಕಿದ್ದಕ್ಕೆ ಉಪಕಾರ. ಆದರೆ ಅದರಿಂದ ‘ಬೇಡಪ್ಪ’ ಅಂತ ತೀರ್ಮಾನಕ್ಕೆ ಬರಬೇಕಿಲ್ಲ. ಅದನ್ನು ಮಾಡಿದವರೇ ಕೂಟ ನಿಲ್ಲಿಸಿ ಅನ್ನುವುದಿಲ್ಲ, ಊರಿಗೆ ಆಗುವ ಲಾಭ ಉಳಿಸಿಕೊಂಡು ಮನಸ್ಸಿಗೆ ಬೀಳುವ ಪೆಟ್ಟು ಕಡಿಮೆ ಮಾಡುವ ದಾರಿ ಹುಡುಕಿ ಅನ್ನುತ್ತಾರೆ. ಒಂದೇ ರಾತ್ರಿ ಗಾಯ ಬಿಚ್ಚಿ, ಮಾರನೇ ದಿನ ಊಟ ಹಾಕಿ, ಆಮೇಲೆ ಆ ಮನುಷ್ಯನ ಹತ್ತಿರ ಯಾರೂ ಹೋಗದೆ ಇದ್ದರೆ ನರಳದೆ ಏನು ಮಾಡುತ್ತಾನೆ?

2014ರಲ್ಲಿ ಸಿಯೆರಾ ಲಿಯೋನ್‌ಗೆ ಎಬೋಲಾ ಬಂದಾಗ ಮೊದಲು ಹೊಡೆತ ಬಿದ್ದದ್ದು ಅದೇ ಕೈಲಾಹುನ್‌ಗೆ. ದೇಶದಲ್ಲಿ ಸತ್ತವರು ಹತ್ತಿರ ಹತ್ತಿರ 4,000. ಹೆಣ ತೊಳೆಯಬೇಡಿ, ಮುಟ್ಟಬೇಡಿ ಅಂತ ಬಿಳಿ ಸೂಟಿನವರು ಬಂದು ಹೇಳಿದರೆ ಜನ ನಂಬಲಿಲ್ಲ, ಕೆಲವು ಕಡೆ ಓಡಿಸಿದರು. ಊರ ಮುಖಂಡರು, ಊರ ಹೆಂಗಸರು ಹೇಳಲು ಶುರು ಮಾಡಿದಾಗ ಕೇಳಿದರು. ಊರು ಕೂಡಿದ್ದರೆ ಇಂಥ ದಿನಕ್ಕೆ ಆಗುತ್ತದೆ. ನಮಗೂ ಒಂದಲ್ಲ ಒಂದು ಬರುತ್ತಲೇ ಇರುತ್ತದಲ್ಲ.

ಹವಾಲ್ದಾರ್ ಹೊಸೂರು

ದುಡ್ಡಿನ ವಿಷಯ ಬಿಟ್ಟುಬಿಟ್ಟಿರಿ ಮೇಷ್ಟ್ರೇ. ಅಲ್ಲಿ ಬಂದೂಕು ಒಪ್ಪಿಸಿದವರು 72,000ಕ್ಕೂ ಹೆಚ್ಚು. ಅವರಿಗೆ ಭತ್ಯೆ, ಬಡಗಿ ಕೆಲಸ, ಟೈಲರಿಂಗ್ ತರಬೇತಿ ಅಂತ ಯುದ್ಧ ಮುಗಿದ ಕೂಡಲೇ ಸಿಕ್ಕಿತು. ಕೊಡದಿದ್ದರೆ ಮತ್ತೆ ಕಾಡಿಗೆ ಹೋಗುತ್ತಾರೆ ಅನ್ನುವ ಭಯ. ಕೈ ಕಡಿಸಿಕೊಂಡವರಿಂದ ಯಾರಿಗೆ ಏನು ಭಯ? ಪರಿಹಾರಕ್ಕೆ ಅವರ ಹೆಸರು ಬರೆದುಕೊಳ್ಳುವ ಕೆಲಸ ಶುರುವಾಗಿದ್ದೇ 2008ರಲ್ಲಿ. ನೋಂದಾಯಿಸಿಕೊಂಡವರು 30,000 ದಾಟಿದರು, ಹೆಚ್ಚಿನವರ ಕೈಗೆ ಬಂದದ್ದು ಸುಮಾರು 100 ಡಾಲರ್. ಕಡಿದವನಿಗೆ ಕಸುಬು, ಕಡಿಸಿಕೊಂಡವನಿಗೆ 100 ಡಾಲರ್, ಆಮೇಲೆ ಇಬ್ಬರೂ ಬೆಂಕಿ ಮುಂದೆ ಕೂತು ರಾಜಿ ಮಾಡಿಕೊಳ್ಳಿ ಅಂದರೆ ನನ್ನಂಥವನಿಗೆ ಹೊಟ್ಟೆ ಉರಿಯುತ್ತದೆ.

ಅಲ್ಲಿ ಮಾತಾಯಿತು, ದುಡ್ಡಾಗಲಿಲ್ಲ. ನಮ್ಮ ಬೆಟ್ಟದಲ್ಲಿ 89 ಜನಕ್ಕಾದರೂ ದುಡ್ಡಾಯಿತು, ಮಾತಾಗಲಿಲ್ಲ.

ಲಾ ಓದ್ತಿರೋಳು

ಆ 89ರ ಪಟ್ಟಿಯೇ ಪೂರ್ತಿಯಲ್ಲ. ಸಮಿತಿ ಮುಂದೆ ಬಂದು ಹೇಳಿದವರ ಮಾತು ಮಾತ್ರ ದಾಖಲಾಯಿತು. ಘಾಟಿ ಇಳಿದು ಗೋಬಿಚೆಟ್ಟಿಪಾಳಯಕ್ಕೆ ಹೋಗಿ, ಅಧಿಕಾರಿಗಳ ಎದುರು ಹೇಳುವ ಧೈರ್ಯ ಎಷ್ಟು ಹೆಂಗಸರಿಗೆ ಇದ್ದೀತು? ಟಾಡಾದಲ್ಲಿ (ಆಗಿನ ಭಯೋತ್ಪಾದನೆ ತಡೆ ಕಾಯ್ದೆ) ಒಳಗೆ ಹೋದವರಲ್ಲಿ ಹೆಚ್ಚಿನವರನ್ನು ಮೈಸೂರಿನ ಕೋರ್ಟು 2001ರಲ್ಲಿ ಬಿಟ್ಟಿತು, ಅಷ್ಟರಲ್ಲಿ ಜೈಲಿನಲ್ಲೇ ಎಂಟು ವರ್ಷ ಹೋಗಿತ್ತು. ‘ತಪ್ಪಿಲ್ಲ’ ಅಂತ ಕೋರ್ಟು ಹೇಳಿದ್ದನ್ನು ಊರಲ್ಲಿ ಯಾರೂ ಡಂಗುರ ಹೊಡೆಸಲಿಲ್ಲ. ಕೂಟ ಅಂತ ಒಂದು ಮಾಡುವುದಾದರೆ ಮೊದಲು ಅದನ್ನು ಮಾಡಿ. ಯಾರೂ ಯಾರಿಗೂ ಕ್ಷಮೆ ಕೇಳಬೇಕಿಲ್ಲ. ಇಂತಿಂಥವರ ಮೇಲೆ ತಪ್ಪಿರಲಿಲ್ಲ ಅಂತ ಗ್ರಾಮಸಭೆಯಲ್ಲಿ ಹೆಸರು ಹಿಡಿದು ಓದಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಕನ್ನಡದಲ್ಲೂ ಬರೆಯಿರಿ. ತಮಿಳಿನ ಕಾಗದ ಮನೆಯಲ್ಲಿ ಇಟ್ಟುಕೊಂಡು ಓದಲಾಗದೆ ಕೂತಿರುವ ಮುದುಕರು ನಮ್ಮಲ್ಲಿ ಕಡಿಮೆಯಾ?

ಅರಿಶಿನದಹೊಲ

ಇದ ಒಪ್ತೀನಿ ಕನವ್ವ. ದೊಡ್ಡಪ್ಪಂಗೂ ಇದ ಓದಿ ಹೇಳ್ದಿ. ಬೆಂಕಿ ಗಿಂಕಿ ಬೇಡ ಅಂದ. ಅವನ ಬಾಯಲ್ಲಿ ತಪ್ಪಾಯ್ತು ಅನ್ನಿಸೋದೂ ಬೇಡ, ಏಟು ತಿಂದೋನ್ಗ ಇನ್ನೇನ ಕೇಳದು ಅಂದ. ಆದ್ರ ‘ನಾನು ಅಕ್ಕಿ ಕೊಟ್ಟಿರ್ಲಿಲ್ಲ’ ಅನ್ನೋದ ಆ ಪಕ್ಕದ ಹೊಲದವನ ಮಕ್ಕಳಿಗ ಗೊತ್ತಾಗ್ಲಿ ಅಂದ. ಆ ಹೈಕ್ಳು ಈಗ್ಲೂ ಕೊಟ್ಟಿದ್ದ ಅಂತ್ಲೇ ತಿಳ್ಕೊಂಡವ.

ಮಾದಪ್ಪನ ಮುಂದ ಆಣ ಮಾಡಕ್ಕೂ ರೆಡಿ ಅವ್ನ. ಆದ್ರ ಬೆಟ್ಟಕ್ಕ ಹೋಗಿ ಬಂದ ರಾತ್ರಿ ನಿದ್ದ ಬರಲ್ಲ ಅಂತ ದೊಡ್ಡವ್ವ ಈಗ್ಲೇ ಹೆದ್ರ್ಕೊಂಡವ್ಳ. ಆ ಕಾಲದ ಮಾತ ತೆಗುದ್ರ ಮೂರು ನಾಕು ದಿನ ಉಣ್ಣಲ್ಲ ಅವ್ನ. ಅದ್ಕ ಏನ ಮಾಡಾದು ನರ್ಸಕ್ಕ?

ನರ್ಸಕ್ಕ ಸತ್ಯಮಂಗಲ

ಮಾತು ತೆಗೆಯುವ ಮೊದಲೇ ಆಪ್ತಸಮಾಲೋಚಕರ ಹತ್ತಿರ ಒಂದೆರಡು ಸಲ ಕೂರಿಸಬೇಕು, ಆಮೇಲೂ ಕರೆದುಕೊಂಡು ಹೋಗಬೇಕು. ಈರೋಡಿನಲ್ಲಿ ಸಿಗುತ್ತಾರೆ, ಆದರೆ ತಮಿಳು. ನಿಮ್ಮ ದೊಡ್ಡಪ್ಪ ತಮಿಳಲ್ಲಿ ಬಸ್ ಕೇಳಬಹುದು, ಇದನ್ನು ಹೇಳಲಾರರು. ಚಾಮರಾಜನಗರ ಮೆಡಿಕಲ್ ಕಾಲೇಜು ಆಸ್ಪತ್ರೆ ನಿಮಗೆ ಹತ್ತಿರ, ಕನ್ನಡ. ನಿಮ್ಮದು ತಮಿಳುನಾಡು ಕಾರ್ಡ್ ಅಲ್ಲವಾ, ಹೊರರೋಗಿ ಚೀಟಿಗೆ ಏನೂ ತೊಂದರೆ ಇರಲಾರದು, ಮಾತ್ರೆ ಬರೆದುಕೊಟ್ಟರೆ ಅಲ್ಲೇ ಕೊಡುತ್ತಾರಾ ಅಂತ ಕೇಳಿಕೊಳ್ಳಬೇಕು. ಅಲ್ಲಿ ಗೊತ್ತಿರುವವರು ಯಾರಾದರೂ ಈ ಪೋಸ್ಟ್ ನೋಡುತ್ತಿದ್ದರೆ ಮನೋರೋಗ ವಿಭಾಗ ಯಾವ ಯಾವ ದಿನ ಅಂತ ತಿಳಿಸಿ.

ಡಿಂಬಂ 27

ನನ್ನ ತಂಗಿ ಗಂಡ ಅಲ್ಲೇ ಕೆಲಸ ಮಾಡೋದು. ಸಂಜೆ ಕೇಳಿ ಹಾಕ್ತೀನಿ.